ದಿನನಿತ್ಯದ ಪಿಜ್ಜಾ: ಕೈಗೆಟುಕುವ ಬೆಲೆಯಲ್ಲಿ ಒಳ್ಳೆಯದನ್ನು ಹುಡುಕುವ ದಾರಿ

ದುಬಾರಿ ಪಿಜ್ಜಾ ಬೇಕೆಂದರೆ ಸಿಗುತ್ತದೆ. ಅಗ್ಗದ ಪಿಜ್ಜಾವೂ ಸಿಗುತ್ತದೆ. ಎರಡರ ನಡುವಿನದಕ್ಕೇ ಅಲೆಯಬೇಕು. ಕೆಲಸ ಮುಗಿಸಿ ಸುಸ್ತಾಗಿ ಬಂದ ಸಂಜೆ ತಿನ್ನೋಣ ಅನಿಸುವ, ವಾರಕ್ಕೊಮ್ಮೆ ತಂದರೂ ಜೇಬಿಗೆ ಭಾರವಾಗದ, ತಿಂದ ಮೇಲೆ ಹೊಟ್ಟೆಗೂ ಭಾರವಾಗದ ಒಂದು ಸಾದಾ ಪಿಜ್ಜಾ ಎಲ್ಲಿದೆ ಹೇಳಿ?

ಒಂದು ಕಡೆ ಆಫರ್ ಪಿಜ್ಜಾಗಳಿವೆ. ಮೇಲೆ ಚೀಸ್ ರಾಶಿ, ಕೆಳಗೆ ರುಚಿಯೇ ಇಲ್ಲದ ದಪ್ಪ ಬ್ರೆಡ್. ಇನ್ನೊಂದು ಕಡೆ ಸೌದೆ ಒಲೆ, ಆಮದು ಚೀಸ್, ಮಂದ ಬೆಳಕಿನ ಟೇಬಲ್, ಕೊನೆಗೆ ಎದೆ ಝಲ್ಲೆನಿಸುವ ಬಿಲ್. ಪಿಜ್ಜಾ ಬೆಳೆದು ಬಂದದ್ದು ಹೀಗಲ್ಲ. 18 ಮತ್ತು 19ನೇ ಶತಮಾನದಲ್ಲಿ ಇಟಲಿಯ ನೇಪಲ್ಸ್‌ ನಗರದಲ್ಲಿ ಅದು ಕೂಲಿ ಮಾಡುವವರು ಬೀದಿಯಲ್ಲಿ ನಿಂತು ತಿನ್ನುತ್ತಿದ್ದ ಊಟ. ಕೈಯಲ್ಲಿ ಕಾಸಿಲ್ಲದವರು ಇವತ್ತು ತಿಂದು ಎಂಟು ದಿನದೊಳಗೆ ದುಡ್ಡು ಕೊಡುವ ಸಾಲದ ಪದ್ಧತಿಯೂ ಅಲ್ಲಿತ್ತು. ಅಂಥ ಊಟ ಈಗ ಸಾಮಾನ್ಯ ದಿನಕ್ಕೆ ಎಟುಕದಂತಾಗಿರುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಹುಡುಕುವಾಗ ಒಂದು ಮಾತು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಹಗುರಾಗುತ್ತದೆ: ಪಿಜ್ಜಾ ಅಂದರೆ ಮೊದಲು ಬ್ರೆಡ್. ಹಿಟ್ಟು, ನೀರು, ಉಪ್ಪು, ಯೀಸ್ಟ್ ನಾಲ್ಕೂ ಅಗ್ಗದ ಸಾಮಾನು. ಅವು ಒಳ್ಳೆ ಬ್ರೆಡ್ ಆಗಲು ಬೇಕಾದದ್ದು ಸಮಯ ಮತ್ತು ಬಿಸಿ. ಇವೆರಡನ್ನು ಕೊಡುವ ಅಂಗಡಿ ಕಡಿಮೆ ಬೆಲೆಗೂ ಒಳ್ಳೆ ಪಿಜ್ಜಾ ಕೊಡಬಲ್ಲದು. ಕೊಡದ ಅಂಗಡಿ ಮೇಲೆ ಏನೇ ಸುರಿದರೂ ಪ್ರಯೋಜನವಿಲ್ಲ.

ಹೆಜ್ಜೆ 1: ಯಾವ ಬಗೆ ಬೇಕು ಅಂತ ಮೊದಲೇ ತೀರ್ಮಾನಿಸಿ

ಪಿಜ್ಜಾ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ತಿನಿಸುಗಳಿವೆ. ಯಾವುದು ಬೇಕೆಂದು ಗೊತ್ತಿಲ್ಲದೆ ಹೊರಟರೆ ಎಲ್ಲ ಕಡೆಯೂ ನಿರಾಸೆಯೇ.

ನೇಪಲ್ಸ್ ಶೈಲಿಯ ಪಿಜ್ಜಾ ನಡುವೆ ತೆಳ್ಳಗೆ, ಮೆತ್ತಗೆ ಇರುತ್ತದೆ. ಅಂಚು ಉಬ್ಬಿ, ಅಲ್ಲಲ್ಲಿ ಕರಿ ಮಚ್ಚೆ ಬಿದ್ದಿರುತ್ತದೆ. ಸುಮಾರು 430ರಿಂದ 480 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 60ರಿಂದ 90 ಸೆಕೆಂಡಿಗೆ ಬೇಯುತ್ತದೆ. ಈ ಶೈಲಿಯನ್ನು ಕಾಪಾಡಲು ನೇಪಲ್ಸ್‌ನಲ್ಲಿ 1984ರಲ್ಲಿ ಒಂದು ಸಂಘವೇ ಹುಟ್ಟಿತು. 2017ರಲ್ಲಿ ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ರುಚಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಒಲೆಯಿಂದ ಇಳಿಸಿದ ಕೂಡಲೇ ತಿನ್ನಬೇಕು. ಡಬ್ಬದಲ್ಲಿ ಹಾಕಿ ಅರ್ಧ ಗಂಟೆ ಓಡಾಡಿಸಿದರೆ ನಡುಭಾಗ ಒದ್ದೆ ಬಟ್ಟೆಯ ಹಾಗಾಗುತ್ತದೆ. ಮನೆಗೆ ತರಿಸುವವರು ಇದರ ಆಸೆ ಬಿಡಿ. ಅಂಗಡಿಯಲ್ಲೇ ಕೂತು ತಿನ್ನುವ ದಿನಕ್ಕೆ ಇಟ್ಟುಕೊಳ್ಳಿ.

ನ್ಯೂಯಾರ್ಕ್ ಶೈಲಿಯದು ದೊಡ್ಡದು, ತೆಳುವಾದದ್ದು, ಆದರೆ ಗಟ್ಟಿಮುಟ್ಟು. ಒಂದು ತುಂಡನ್ನು ಮಡಚಿ ನಡೆಯುತ್ತಲೇ ತಿನ್ನಬಹುದು. ಗ್ಯಾಸ್ ಓವನ್‌ನಲ್ಲಿ ಸುಮಾರು 260ರಿಂದ 315 ಡಿಗ್ರಿಯಲ್ಲಿ ನಿಧಾನವಾಗಿ ಬೇಯುವುದರಿಂದ ಒಳಗಿನ ನೀರು ಹೆಚ್ಚು ಆರುತ್ತದೆ. ಹಾಗಾಗಿ ಡಬ್ಬದ ಪ್ರಯಾಣವನ್ನೂ ತಡೆಯುತ್ತದೆ, ಮರುದಿನ ಬಿಸಿ ಮಾಡಿದರೂ ಚೆನ್ನಾಗಿರುತ್ತದೆ. ಅಲ್ಲಿನ ತುಂಡು ಮಾರುವ ಅಂಗಡಿಗಳು ನಡೆಯುವುದೇ ಈ ಗುಣದ ಮೇಲೆ: ಮೊದಲೇ ಬೇಯಿಸಿಟ್ಟ ಪಿಜ್ಜಾದ ತುಂಡನ್ನು ಮತ್ತೆ ಓವನ್‌ಗೆ ಹಾಕಿ ಗರಿಗರಿ ಮಾಡಿ ಕೊಡುತ್ತಾರೆ.

ರೋಮ್‌ನಲ್ಲಿ ಉದ್ದನೆಯ ಟ್ರೇಗಳಲ್ಲಿ ಬೇಯಿಸಿ, ಕತ್ತರಿಯಿಂದ ಕತ್ತರಿಸಿ ತೂಕಕ್ಕೆ ಮಾರುತ್ತಾರೆ. ಹಸಿವಿದ್ದಷ್ಟು ಕೊಳ್ಳಬಹುದು. ಅಮೆರಿಕದ ಡೆಟ್ರಾಯಿಟ್‌ನದು ಚೌಕ, ದಪ್ಪ. 1946ರಲ್ಲಿ ಅಲ್ಲಿ ಕಾರು ಕಾರ್ಖಾನೆಗಳಲ್ಲಿ ಬಿಡಿಭಾಗ ಇಡುವ ಉಕ್ಕಿನ ಟ್ರೇಗಳಲ್ಲಿ ಬೇಯಿಸುವುದು ಶುರುವಾಯಿತು. ದಪ್ಪ ಉಕ್ಕಿಗೆ ತಾಗಿದ ಚೀಸ್ ಅಂಚಿನಲ್ಲಿ ಕರುಂಕುರುಂ ಆಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ದಿನನಿತ್ಯಕ್ಕೆ ನ್ಯೂಯಾರ್ಕ್ ಅಥವಾ ರೋಮ್ ಬಗೆಯದೇ ಸರಿ. ಎರಡೂ ಬೀದಿಯ ಊಟವಾಗಿ ಬೆಳೆದವು. ತರುವಾಗ ಹಾಳಾಗುವುದಿಲ್ಲ, ಮಿಕ್ಕರೆ ಬೇಸರವಿಲ್ಲ.

ಹೆಜ್ಜೆ 2: ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ತಿಳಿದುಕೊಳ್ಳಿ

ಪಿಜ್ಜಾದ ಸಾಮಾನುಗಳಲ್ಲಿ ಹಿಟ್ಟಿನ ಪಾಲು ತೀರಾ ಕಡಿಮೆ. ಟೊಮೆಟೊ ಅದಕ್ಕಿಂತ ಸ್ವಲ್ಪ ಜಾಸ್ತಿ. ದೊಡ್ಡ ಪಾಲು ಚೀಸ್‌ನದು, ಮಾಂಸ ಹಾಕಿದರೆ ಅದರದೂ ಸೇರುತ್ತದೆ. ಇವೆಲ್ಲ ಸೇರಿದರೂ ನೀವು ಕೊಡುವ ಬೆಲೆಯ ಒಂದು ಭಾಗ ಮಾತ್ರ. ಬಾಡಿಗೆ, ಸಂಬಳ, ಓವನ್‌ನ ಉರುವಲು, ಜಾಹೀರಾತು, ಡೆಲಿವರಿ ಆ್ಯಪ್‌ನ ಕಮಿಷನ್ ಎಲ್ಲ ಅದರಲ್ಲೇ ಹೊರಡಬೇಕು.

ಹಾಗಾದರೆ ಎರಡಕ್ಕೆ ಒಂದರ ಬೆಲೆ ಅನ್ನುವವರು ಎಲ್ಲಿ ಉಳಿಸುತ್ತಾರೆ? ಬಾಡಿಗೆಯಲ್ಲಿ ಉಳಿಸಲಾಗದು. ಸಾಮಾನ್ಯವಾಗಿ ಎರಡು ಜಾಗದಲ್ಲಿ ಕತ್ತರಿ ಬೀಳುತ್ತದೆ. ಒಂದು ಚೀಸ್. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ, ಪಿಷ್ಟ ಸೇರಿಸಿ ಮಾಡಿದ ಬದಲಿ ಚೀಸ್ ತುಂಬಾ ಅಗ್ಗ. ಅದು ಕರಗುತ್ತದೆ, ಎಳೆಯೂ ಬರಬಹುದು, ಆದರೆ ಆರುತ್ತಿದ್ದಂತೆ ರಬ್ಬರಿನಂತೆ ಬಿಗಿಯುತ್ತದೆ. ನಾಲಿಗೆಯ ಮೇಲೆ ಜಿಡ್ಡು ಉಳಿಯುತ್ತದೆ, ಹಾಲಿನ ರುಚಿ ಬರುವುದಿಲ್ಲ. ಇನ್ನೊಂದು ಸಮಯ. ಯೀಸ್ಟ್ ಜಾಸ್ತಿ ಹಾಕಿ ಒಂದೆರಡು ಗಂಟೆಯಲ್ಲೇ ಉಬ್ಬಿಸಿದ ಹಿಟ್ಟಿಗೆ ರುಚಿ ಕೂಡುವುದಿಲ್ಲ. ಆ ಕೊರತೆಯನ್ನು ಸಾಸ್‌ನ ಸಕ್ಕರೆ, ಉಪ್ಪು, ಎಣ್ಣೆಯಿಂದ ಮುಚ್ಚುತ್ತಾರೆ.

ಹಾಗಂತ ಎಲ್ಲ ಅಗ್ಗದ ಪಿಜ್ಜಾವೂ ಕೆಟ್ಟದ್ದಲ್ಲ. ಚಿಕ್ಕ ಅಂಗಡಿ, ಕುರ್ಚಿ ಕಡಿಮೆ, ಮೆನು ಪುಟ್ಟದು, ಮನೆಯವರೇ ನಿಂತು ಕೆಲಸ ಮಾಡುತ್ತಾರೆ ಅಂದರೆ ಬೆಲೆ ಕಡಿಮೆಯಿರಲು ನ್ಯಾಯವಾದ ಕಾರಣವಿದೆ. ನಾವು ಹುಡುಕಬೇಕಾದದ್ದು ಇಂಥದ್ದನ್ನೇ.

ಬೆಲೆ ನ್ಯಾಯವೋ ಅನ್ಯಾಯವೋ ಅಂತ ಅಳೆಯಲು ಒಂದು ಗುರುತು ಬೇಕಲ್ವಾ? ನ್ಯೂಯಾರ್ಕ್‌ನಲ್ಲಿ ಒಂದು ತುಂಡು ಪಿಜ್ಜಾದ ಬೆಲೆಯೂ ಅಲ್ಲಿನ ಸಬ್‌ವೇ, ಅಂದರೆ ನೆಲದಡಿಯ ರೈಲಿನ ಟಿಕೆಟ್‌ನ ಬೆಲೆಯೂ ಹೆಚ್ಚುಕಡಿಮೆ ಜೊತೆಜೊತೆಗೆ ಏರುತ್ತವೆ ಅಂತ 1980ರಿಂದ ಜನ ಹೇಳುತ್ತ ಬಂದಿದ್ದಾರೆ. ನಿಮಗೂ ಅಂಥದೊಂದು ಗುರುತು ಇಟ್ಟುಕೊಳ್ಳಿ. ನೀವಿರುವಲ್ಲಿ ಹೊರಗೆ ಒಂದು ಸಾದಾ ಊಟಕ್ಕೆ ಎಷ್ಟು ಕೊಡುತ್ತೀರೋ, ಒಬ್ಬರ ಹೊಟ್ಟೆ ತುಂಬುವ ಪಿಜ್ಜಾಕ್ಕೂ ಹೆಚ್ಚುಕಡಿಮೆ ಅಷ್ಟೇ ಆಗಬೇಕು. ಅದರ ಎರಡು ಪಟ್ಟು ದಾಟಿದರೆ ಅದು ಹಬ್ಬದ ದಿನದ ಪಿಜ್ಜಾ, ವಾರದ ದಿನದ್ದಲ್ಲ.

ಹೆಜ್ಜೆ 3: ಇಂಚು ನೋಡಿ ಮೋಸಹೋಗಬೇಡಿ

ದುಡ್ಡು ಉಳಿಸುವ ಎಲ್ಲ ಉಪಾಯಗಳಲ್ಲಿ ಇದು ಅತಿ ಸುಲಭದ್ದು. ಆದರೂ ಬಹಳ ಜನ ಗಮನಿಸುವುದಿಲ್ಲ. ಮೆನುವಿನಲ್ಲಿ ಬರೆದಿರುವುದು ಪಿಜ್ಜಾದ ಅಡ್ಡಳತೆ. ನಾವು ತಿನ್ನುವುದು ಅದರ ಹರವು. 8 ಇಂಚಿಗೂ 12 ಇಂಚಿಗೂ ವ್ಯತ್ಯಾಸ ಬರೀ ನಾಲ್ಕು ಇಂಚು ಅನಿಸುತ್ತದೆ. ಹರವಿನಲ್ಲಿ ನೋಡಿದರೆ ದೊಡ್ಡದು ಚಿಕ್ಕದರ ಎರಡು ಪಟ್ಟಿಗಿಂತ ಜಾಸ್ತಿ.

ಲೆಕ್ಕ ಮಾಡುವುದು ಹೀಗೆ. ಇಂಚಿನ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. 8 ಇಂಚಿಗೆ 64, 10ಕ್ಕೆ 100, 12ಕ್ಕೆ 144, 14ಕ್ಕೆ 196, 16ಕ್ಕೆ 256, 18ಕ್ಕೆ 324. ಈಗ ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿ. ಯಾವುದಕ್ಕೆ ಕಡಿಮೆ ಬರುತ್ತದೋ ಅದೇ ಲಾಭ. ಮೊಬೈಲ್‌ನಲ್ಲಿ ಅರ್ಧ ನಿಮಿಷದ ಕೆಲಸ.

ಎರಡು 8 ಇಂಚಿನ ಪಿಜ್ಜಾ ಸೇರಿದರೆ 128. ಒಂದು 12 ಇಂಚಿನದು 144. ಅಂದರೆ ಎರಡು ಚಿಕ್ಕವು ಒಂದು ಮಧ್ಯಮಕ್ಕೂ ಸಮ ಬರುವುದಿಲ್ಲ. ಎರಡು 12 ಇಂಚಿನವು 288, ಒಂದು 18 ಇಂಚಿನದು 324. ಎರಡು ಕೊಂಡರೆ ಒಂದು ಉಚಿತ ಎಂಬ ಫಲಕ ಕಂಡಾಗ ಮೊದಲು ಗುಣಾಕಾರ ಮಾಡಿ, ಆಮೇಲೆ ಖುಷಿಪಡಿ.

ಅಂಚಿನ ವಿಷಯವೂ ಇದೆ. ಸುತ್ತ ಒಂದು ಇಂಚು ಖಾಲಿ ಅಂಚು ಬಿಟ್ಟಿದ್ದಾರೆ ಅಂದುಕೊಳ್ಳಿ. 8 ಇಂಚಿನ ಪಿಜ್ಜಾದಲ್ಲಿ ಸಾಸ್, ಚೀಸ್ ಇರುವ ಜಾಗ ಶೇಕಡಾ 56 ಮಾತ್ರ. 12 ಇಂಚಿನದರಲ್ಲಿ ಅದು ಶೇಕಡಾ 69. ಚಿಕ್ಕ ಪಿಜ್ಜಾ ಒಣ ಒಣ ಅನಿಸಲು ಇದೇ ಕಾರಣ.

ಹಾಗಾಗಿ ಇಬ್ಬರು ಮೂವರು ಇದ್ದರೆ ಒಂದೊಂದು ಚಿಕ್ಕದು ಬೇಡ, ಒಂದು ದೊಡ್ಡದು ತರಿಸಿ. ರುಚಿ ಬೇರೆ ಬೇರೆ ಬೇಕಿದ್ದರೆ ಅರ್ಧ ಒಂದು, ಅರ್ಧ ಇನ್ನೊಂದು ಮಾಡಿಕೊಡಿ ಅಂತ ಕೇಳಿ. ಬಹಳ ಅಂಗಡಿಗಳು ಒಪ್ಪುತ್ತವೆ. ಒಬ್ಬರೇ ಇದ್ದರೂ ದೊಡ್ಡದೇ ಲಾಭ, ಮರುದಿನ ಸರಿಯಾಗಿ ಬಿಸಿ ಮಾಡುವುದು ಗೊತ್ತಿದ್ದರೆ. ಅದನ್ನು ಮುಂದೆ ಹೇಳಿದ್ದೇನೆ.

ಹೆಜ್ಜೆ 4: ಅಂಗಡಿಯನ್ನು ಪರೀಕ್ಷೆ ಮಾಡಿ

ಸ್ಟಾರ್ ರೇಟಿಂಗ್ ನಂಬಿ ಹೋಗುವುದಕ್ಕಿಂತ ಒಮ್ಮೆ ಅಂಗಡಿಯ ಎದುರು ನಿಂತು ನೋಡುವುದು ಮೇಲು. ಡೆಲಿವರಿ ತಡವಾಯಿತು ಅಂತ ಒಂದು ಸ್ಟಾರ್ ಕೊಟ್ಟವರ ಮತ್ತು ಕೋಲಾ ಉಚಿತ ಸಿಕ್ಕಿತು ಅಂತ ಐದು ಸ್ಟಾರ್ ಕೊಟ್ಟವರ ನಡುವೆ ಬ್ರೆಡ್ ಬಗ್ಗೆ ಮಾತಾಡಿದವರು ಯಾರೂ ಇರುವುದಿಲ್ಲ. ವಿಮರ್ಶೆ ಓದುವುದೇ ಆದರೆ ಕ್ರಸ್ಟ್, ಹಿಟ್ಟು, ಬೇಸ್ ಅನ್ನುವ ಪದಗಳನ್ನು ಹುಡುಕಿ ಓದಿ.

ಅಂಗಡಿಗೆ ಹೋದಾಗ ಮೊದಲು ಮೆನು ನೋಡಿ. ಪಿಜ್ಜಾ, ಬರ್ಗರ್, ನೂಡಲ್ಸ್, ಪಾಸ್ತಾ, ಹಲವು ಬಗೆಯ ಶೇಕ್ ಎಲ್ಲ ಇದ್ದರೆ ಅಲ್ಲಿ ಹಿಟ್ಟಿನ ಮೇಲೆ ಗಮನ ಇರುವುದು ಕಷ್ಟ. ಹತ್ತಿಪ್ಪತ್ತು ಪಿಜ್ಜಾ ಮಾತ್ರ ಇರುವ ಪುಟ್ಟ ಮೆನು ಒಳ್ಳೆ ಲಕ್ಷಣ. ಆಮೇಲೆ ಓವನ್ ನೋಡಿ. ಕಲ್ಲಿನ ಅಥವಾ ಉಕ್ಕಿನ ತಳದ ಮೇಲೆ ಪಿಜ್ಜಾವನ್ನು ನೇರವಾಗಿ ಇಟ್ಟು, ಹಲಗೆಯಿಂದ ತಿರುಗಿಸಿ ಬೇಯಿಸುತ್ತಿದ್ದರೆ ತಳ ಗರಿಯಾಗುವ ಸಾಧ್ಯತೆ ಜಾಸ್ತಿ. ಬೆಲ್ಟ್ ಓವನ್‌ನಲ್ಲಿ ಒಂದು ಕಡೆ ಹಾಕಿದ್ದು ಕೆಲವೇ ನಿಮಿಷಕ್ಕೆ ಇನ್ನೊಂದು ಕಡೆ ಹೊರಬರುತ್ತದೆ. ಅದರಲ್ಲೂ ಒಳ್ಳೆ ಪಿಜ್ಜಾ ಆಗಬಹುದು, ಹಿಟ್ಟು ಒಳ್ಳೆಯದಿದ್ದರೆ.

ಹಿಟ್ಟಿನ ಬಗ್ಗೆ ನೇರವಾಗಿ ಕೇಳಿ. "ಹಿಟ್ಟು ಇಲ್ಲೇ ಕಲಸ್ತೀರಾ? ಇವತ್ತಿನದಾ, ನಿನ್ನೆಯದಾ?" ಇದು ಒರಟು ಪ್ರಶ್ನೆಯಲ್ಲ. ಹಿಟ್ಟಿನ ಬಗ್ಗೆ ಅಕ್ಕರೆ ಇರುವವರು ಖುಷಿಯಿಂದ ಉತ್ತರಿಸುತ್ತಾರೆ. "ನಿನ್ನೆ ಕಲಸಿ ಫ್ರಿಜ್‌ನಲ್ಲಿಟ್ಟಿದ್ದು" ಅನ್ನುವ ಉತ್ತರ ಬಂದರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಇನ್ನು ರುಚಿ ಪರೀಕ್ಷೆ. ಮೊದಲ ಸಲ ಮೆನುವಿನ ಅತಿ ಸರಳವಾದದ್ದನ್ನೇ ತೆಗೆದುಕೊಳ್ಳಿ: ಟೊಮೆಟೊ ಸಾಸ್ ಮತ್ತು ಚೀಸ್, ಅಷ್ಟೇ. ಹತ್ತು ಟಾಪಿಂಗ್‌ಗಳ ಅಡಿಯಲ್ಲಿ ಯಾವ ತಪ್ಪನ್ನೂ ಅಡಗಿಸಬಹುದು. ಸಾದಾ ಪಿಜ್ಜಾದಲ್ಲಿ ಅಡಗಲು ಜಾಗವಿಲ್ಲ.

ಒಂದು ತುಂಡನ್ನು ಎತ್ತಿ ತಲೆಕೆಳಗೆ ಮಾಡಿ. ತಳದಲ್ಲಿ ಕಂದು ಬಣ್ಣ, ನಡುನಡುವೆ ಗಾಢ ಚುಕ್ಕೆ ಇರಬೇಕು. ಸುಣ್ಣದ ಗೋಡೆಯ ಬಿಳುಪು ಇದ್ದರೆ ಓವನ್ ಸಾಕಷ್ಟು ಕಾದಿಲ್ಲ. ತಳದಲ್ಲಿ ಸಮನಾದ ಸಣ್ಣ ತೂತುಗಳ ಅಥವಾ ಜಾಲರಿಯ ಗುರುತಿದ್ದರೆ ಅದನ್ನು ಬಲೆಯಂಥ ತಟ್ಟೆಯ ಮೇಲಿಟ್ಟು ಬೇಯಿಸಿದ್ದಾರೆ ಎಂದರ್ಥ. ಅದೊಂದೇ ದೋಷವಲ್ಲ, ಬಣ್ಣ ಮುಖ್ಯ. ಈಗ ತುಂಡನ್ನು ಅಡ್ಡಲಾಗಿ ಕತ್ತರಿಸಿ ಪದರ ನೋಡಿ. ಸಾಸ್‌ನ ಕೆಳಗೆ ಅಂಟಂಟಾದ, ಹೊಳೆಯುವ ಒಂದು ಪಟ್ಟಿ ಕಂಡರೆ ಅದು ಬೇಯದ ಹಿಟ್ಟು. ಹೊಟ್ಟೆ ಭಾರವಾಗಲು ಆ ಪಟ್ಟಿಯೂ ಒಂದು ಕಾರಣ.

ಅಂಚನ್ನು ಮುರಿದು ಒಳಗೆ ನೋಡಿ. ದೊಡ್ಡದು, ಚಿಕ್ಕದು ಸೇರಿದ ಒಂದೇ ಸಮನಲ್ಲದ ಗುಳ್ಳೆಗಳಿದ್ದರೆ ಹಿಟ್ಟಿಗೆ ಸಮಯ ಸಿಕ್ಕಿದೆ. ಸ್ಯಾಂಡ್‌ವಿಚ್ ಬ್ರೆಡ್‌ನ ಹಾಗೆ ಒತ್ತೊತ್ತಾಗಿದ್ದರೆ ಅವಸರದ ಹಿಟ್ಟು. ಕೊನೆಗೆ ಆ ಅಂಚನ್ನು ಏನೂ ಇಲ್ಲದೆ ಬಾಯಿಗೆ ಹಾಕಿಕೊಳ್ಳಿ. ಬರೀ ಅಂಚು ತಿನ್ನಲು ಹಿತವಾಗಿದ್ದರೆ, ತುಸು ಹುಳಿ, ತುಸು ಸಿಹಿ, ಗೋಧಿಯ ಪರಿಮಳ ಬಂದರೆ ಆ ಅಂಗಡಿಯನ್ನು ಬಿಡಬೇಡಿ. ತಟ್ಟೆಯಲ್ಲಿ ಅಂಚುಗಳ ಗುಡ್ಡೆ ಉಳಿಯಿತು ಅಂದರೆ ಅದೇ ಸಾಕ್ಷಿ.

ಒಂದು ತುಂಡನ್ನು ಪೂರ್ತಿ ಆರಲು ಬಿಡಿ. ಬಿಸಿಯಲ್ಲಿ ಎಲ್ಲವೂ ಚೆನ್ನಾಗೇ ಇರುತ್ತದೆ. ಆರಿದ ಮೇಲೂ ತಿನ್ನಬೇಕು ಅನಿಸಿದರೆ ಸಾಮಾನು ಒಳ್ಳೆಯದು.

ಹೆಜ್ಜೆ 5: ಆರ್ಡರ್ ಮಾಡುವುದರಲ್ಲೂ ಜಾಣತನ ಬೇಕು

ಅಂಗಡಿ ಒಳ್ಳೆಯದೇ ಇದ್ದರೂ ಆರ್ಡರ್ ಮಾಡುವ ರೀತಿಯಿಂದ ಪಿಜ್ಜಾ ಹಾಳಾಗುತ್ತದೆ. ಟಾಪಿಂಗ್ ಎರಡಕ್ಕಿಂತ ಜಾಸ್ತಿ ಬೇಡ. ಈರುಳ್ಳಿ, ದಪ್ಪ ಮೆಣಸಿನಕಾಯಿ, ಅಣಬೆ, ಟೊಮೆಟೊ ಹೋಳು ಇವೆಲ್ಲ ಬೇಯುವಾಗ ನೀರು ಬಿಡುತ್ತವೆ. ನಾಲ್ಕನ್ನೂ ಒಟ್ಟಿಗೆ ಹಾಕಿಸಿದರೆ ಆ ನೀರು ಹೋಗುವುದು ಬ್ರೆಡ್ ಒಳಗೇ. ಎಕ್ಸ್‌ಟ್ರಾ ಚೀಸ್ ಕೂಡ ಹೀಗೆಯೇ. ದುಡ್ಡು ಜಾಸ್ತಿ ಕೊಟ್ಟು ತಳವನ್ನು ಹಸಿ ಮಾಡಿಸಿಕೊಂಡ ಹಾಗೆ. ಅದರ ಬದಲು "ಸ್ವಲ್ಪ ಜಾಸ್ತಿ ಬೇಯಿಸಿ" ಅಂತ ಹೇಳಿ. ಇದಕ್ಕೆ ಖರ್ಚಿಲ್ಲ, ಫಲ ಮಾತ್ರ ದೊಡ್ಡದು.

ಹತ್ತಿರವಿದ್ದರೆ ನೀವೇ ಹೋಗಿ ತನ್ನಿ. ಆ್ಯಪ್‌ನಲ್ಲಿ ಕಾಣುವ ಬೆಲೆ ಮತ್ತು ಅಂಗಡಿಯ ಬೆಲೆ ಎಷ್ಟೋ ಕಡೆ ಒಂದೇ ಇರುವುದಿಲ್ಲ. ಕಮಿಷನ್ ಸರಿದೂಗಿಸಲು ಅಂಗಡಿಯವರು ಆ್ಯಪ್‌ನಲ್ಲಿ ಏರಿಸಿರುತ್ತಾರೆ. ಫೋನ್ ಮಾಡಿ ಹೇಳಿ, ತಾವೇ ಹೋಗಿ ತಂದರೆ ರಿಯಾಯಿತಿ ಕೊಡುವವರೂ ಇದ್ದಾರೆ. ಕೇಳಲು ಸಂಕೋಚ ಬೇಡ.

ಡಬ್ಬದೊಳಗೆ ಹಬೆಯೇ ಶತ್ರು. ಬಿಸಿ ಪಿಜ್ಜಾದಿಂದ ಎದ್ದ ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ ಮತ್ತೆ ಪಿಜ್ಜಾದ ಮೇಲೇ ಬೀಳುತ್ತದೆ. ಕತ್ತರಿಸದೆ ಕೊಡಿ ಅಂತ ಕೇಳಿದರೆ ಸಾಸ್‌ನ ನೀರು ಕತ್ತರಿಸಿದ ಗೆರೆಗಳಿಂದ ತಳಕ್ಕೆ ಇಳಿಯುವುದು ತಪ್ಪುತ್ತದೆ. ದಾರಿಯಲ್ಲಿ ಮುಚ್ಚಳವನ್ನು ಒಂದು ಬೆರಳಿನಷ್ಟು ತೆರೆದಿಡಿ. ಡಬ್ಬವನ್ನು ಮಟ್ಟಸವಾಗಿ ಹಿಡಿಯಿರಿ. ನಡುವೆ ನಿಲ್ಲಿಸಿರುವ ಮೂರು ಕಾಲಿನ ಪುಟ್ಟ ಪ್ಲಾಸ್ಟಿಕ್ ನೋಡಿರುತ್ತೀರಲ್ಲ, ಅದು ಒದ್ದೆಯಾದ ಮುಚ್ಚಳ ಕುಸಿದು ಚೀಸ್‌ಗೆ ಅಂಟದಿರಲಿ ಅಂತ. ಅದಕ್ಕೆ 1985ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಕಾರ್ಮೆಲಾ ವಿಟಾಲೆ. ಪುಟ್ಟ ವಸ್ತು, ಆದರೆ ಎಷ್ಟು ಜನರ ಊಟ ಕಾಪಾಡಿದೆ ನೋಡಿ.

ಸಮಯವೂ ಮುಖ್ಯ. ವಾರಾಂತ್ಯದ ರಾತ್ರಿ ಎಂಟಕ್ಕೆ ಆರ್ಡರ್‌ಗಳು ಮುಗಿಬೀಳುತ್ತವೆ. ಒಂದರ ಹಿಂದೆ ಒಂದು ಪಿಜ್ಜಾ ಹಾಕುತ್ತ ಹೋದರೆ ಓವನ್‌ನ ಕಲ್ಲು ತಣಿಯುತ್ತದೆ, ಮತ್ತೆ ಕಾಯಲು ಪುರುಸೊತ್ತಿರುವುದಿಲ್ಲ. ವಾರದ ಮಧ್ಯದಲ್ಲಿ, ಸಂಜೆ ಸ್ವಲ್ಪ ಬೇಗ ಹೋದರೆ ಅದೇ ಕೈ, ಅದೇ ಹಿಟ್ಟು ಇನ್ನೂ ಚೆನ್ನಾಗಿರುತ್ತದೆ.

ಹೆಜ್ಜೆ 6: ಮಿಕ್ಕಿದ್ದನ್ನು ಬಾಣಲೆಯಲ್ಲಿ ಬಿಸಿ ಮಾಡಿ

ಮಿಕ್ಕ ತುಂಡುಗಳನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ಮೂರ್ನಾಲ್ಕು ದಿನ ಇರುತ್ತವೆ. ಬಿಸಿ ಮಾಡಲು ಮೈಕ್ರೊವೇವ್ ಬೇಡ. ಬ್ರೆಡ್ ಮೊದಲು ಒದ್ದೆಯಾಗಿ, ಆರುತ್ತಿದ್ದಂತೆ ಚರ್ಮದ ಹಾಗೆ ಬಿರುಸಾಗುತ್ತದೆ.

ದಪ್ಪ ತಳದ ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ. ಎಣ್ಣೆ ಬೇಡ. ತುಂಡನ್ನು ಇಟ್ಟು ಎರಡು ಮೂರು ನಿಮಿಷ ಬಿಡಿ, ತಳ ಗರಿಯಾಗಲಿ. ಆಮೇಲೆ ಬಾಣಲೆಯ ಖಾಲಿ ಜಾಗದಲ್ಲಿ, ಪಿಜ್ಜಾಕ್ಕೆ ತಾಗದ ಹಾಗೆ, ನಾಲ್ಕಾರು ಹನಿ ನೀರು ಚಿಮುಕಿಸಿ ಕೂಡಲೇ ಮುಚ್ಚಳ ಮುಚ್ಚಿ. ಆ ಹಬೆಗೆ ಒಂದು ನಿಮಿಷದಲ್ಲಿ ಚೀಸ್ ಕರಗುತ್ತದೆ. ತಳ ಎಷ್ಟೋ ಸಲ ಮೊದಲ ದಿನಕ್ಕಿಂತ ಗರಿಯಾಗಿರುತ್ತದೆ.

ಅಂಗಡಿಯ ಫ್ರೀಝರ್ ಪಿಜ್ಜಾದ ಬಗ್ಗೆ ಎರಡೇ ಮಾತು. ಬಹುತೇಕ ದೇಶಗಳಲ್ಲಿ ಪೊಟ್ಟಣದ ಮೇಲೆ ಸಾಮಾನುಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ನಾಲ್ಕೈದರಲ್ಲಿ ನಿಜವಾದ ಚೀಸ್ ಇದೆಯಾ ನೋಡಿ. ತೆಳು ಬೇಸ್‌ನದು, ಟಾಪಿಂಗ್ ಕಡಿಮೆ ಇರುವುದು ಕೊಳ್ಳಿ. ಓವನ್ ಪೂರ್ತಿ ಕಾದ ಮೇಲೆಯೇ ಒಳಗೆ ಹಾಕಿ.

ಹೆಜ್ಜೆ 7: ಎಲ್ಲೂ ಸಿಗದಿದ್ದರೆ, ಮನೆಯಲ್ಲೇ

ಎಷ್ಟೋ ಜಾಗಗಳಲ್ಲಿ ಹತ್ತಿರದಲ್ಲಿ ಒಳ್ಳೆ ಅಂಗಡಿಯೇ ಇರುವುದಿಲ್ಲ. ಆಗ ಉಳಿಯುವುದು ಇದೇ ದಾರಿ. ನನಗಂತೂ ಇದೇ ಹೆಚ್ಚು ಇಷ್ಟ. ಮನೆಯಲ್ಲಿ ಪಿಜ್ಜಾ ಮಾಡುವುದು ದೊಡ್ಡ ಕೆಲಸ ಅಂತ ಹೆದರುತ್ತಾರೆ. ಕೈ ಕೆಲಸ ಕಡಿಮೆ, ಕಾಯುವುದೇ ಜಾಸ್ತಿ.

ನಾಲ್ಕು ಪಿಜ್ಜಾಕ್ಕೆ ಅಳತೆ: 600 ಗ್ರಾಂ ಮೈದಾ, 370 ಗ್ರಾಂ ನೀರು, 14 ಗ್ರಾಂ ಉಪ್ಪು, 2 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 12 ಗ್ರಾಂ ಎಣ್ಣೆ, 6 ಗ್ರಾಂ ಸಕ್ಕರೆ. ಪೊಟ್ಟಣದ ಮೇಲೆ ಪ್ರೋಟೀನ್ ಶೇಕಡಾ 11ರಿಂದ 13 ಇರುವ ಹಿಟ್ಟು ಸಿಕ್ಕರೆ ಒಳ್ಳೆಯದು. ಅದಕ್ಕಿಂತ ಕಡಿಮೆ ಇದ್ದರೆ ನೀರನ್ನು 350 ಗ್ರಾಂಗೆ ಇಳಿಸಿ. ಸಕ್ಕರೆ, ಎಣ್ಣೆ ಹಾಕುವುದು ಮನೆಯ ಓವನ್‌ಗೋಸ್ಕರ. ಬಿಸಿ ಕಡಿಮೆ ಇರುವಲ್ಲಿ ಸಕ್ಕರೆ ಬೇಗ ಬಣ್ಣ ತರುತ್ತದೆ, ಎಣ್ಣೆ ಬ್ರೆಡ್ ಒಣಗದಂತೆ ನೋಡಿಕೊಳ್ಳುತ್ತದೆ. ದಯವಿಟ್ಟು ಲೋಟ, ಚಮಚದ ಲೆಕ್ಕ ಬಿಟ್ಟು ಒಂದು ಸಣ್ಣ ಡಿಜಿಟಲ್ ತಕ್ಕಡಿ ಬಳಸಿ. ಹಿಟ್ಟಿನ ಹದ ಪ್ರತಿ ಸಲವೂ ಒಂದೇ ರೀತಿ ಬರುವುದು ಅದರಿಂದಲೇ.

ಎಲ್ಲ ಸೇರಿಸಿ, ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಮುಚ್ಚಿ ಅರ್ಧ ಗಂಟೆ ಬಿಡಿ. ನೀರು ಕುಡಿದ ಹಿಟ್ಟು ತಾನಾಗಿಯೇ ಬಿಗಿ ಕಟ್ಟಲು ಶುರುಮಾಡಿರುತ್ತದೆ. ಈಗ ಕೈ ಒದ್ದೆ ಮಾಡಿಕೊಂಡು ಒಂದು ಬದಿಯನ್ನು ಎಳೆದು ನಡುವಿಗೆ ಮಡಚಿ. ಪಾತ್ರೆ ತಿರುಗಿಸುತ್ತ ನಾಲ್ಕೂ ಕಡೆ ಹೀಗೆ ಮಾಡಿ. ಅರ್ಧರ್ಧ ಗಂಟೆ ಬಿಟ್ಟು ಇನ್ನೆರಡು ಸಲ ಮಡಚಿದರೆ ಹಿಟ್ಟು ನುಣುಪಾಗಿ, ಎಳೆದರೆ ಹರಿಯದೆ ಹಿಗ್ಗುತ್ತದೆ. ಬೆವರು ಸುರಿಸಿ ನಾದುವ ಅಗತ್ಯವೇ ಇಲ್ಲ.

ನಾಲ್ಕು ಉಂಡೆ ಮಾಡಿ. ಒಂದೊಂದೂ ಸುಮಾರು 250 ಗ್ರಾಂ ಬರುತ್ತದೆ. ಎಣ್ಣೆ ಸವರಿದ ಡಬ್ಬಿಗಳಲ್ಲಿ ಮುಚ್ಚಿ ಫ್ರಿಜ್‌ಗೆ ಹಾಕಿ. ಕನಿಷ್ಠ 24 ಗಂಟೆ, ಹೆಚ್ಚೆಂದರೆ 72 ಗಂಟೆ. ಈ ಕಾಯುವಿಕೆಯಲ್ಲೇ ರುಚಿ ಹುಟ್ಟುವುದು. ತಂಪಿನಲ್ಲಿ ಯೀಸ್ಟ್ ನಿಧಾನವಾಗುತ್ತದೆ. ಹಿಟ್ಟಿನೊಳಗಿನ ಕಿಣ್ವಗಳು ಮಾತ್ರ ಪಿಷ್ಟವನ್ನು ಮೆಲ್ಲಗೆ ಸಕ್ಕರೆಯಾಗಿ ಒಡೆಯುತ್ತ ಹೋಗುತ್ತವೆ. ಅದರಿಂದ ಬಣ್ಣವೂ ಬರುತ್ತದೆ, ಪರಿಮಳವೂ ಬರುತ್ತದೆ. ನನ್ನ ನಾಲಿಗೆಗೆ ಎರಡನೇ ದಿನದ ಉಂಡೆಯೇ ಸೊಗಸು.

ಸಾಸ್ ಬೇಯಿಸುವುದು ಬೇಡ. 400 ಗ್ರಾಂ ಡಬ್ಬಿಯ ಇಡೀ ಟೊಮೆಟೊವನ್ನು ಕೈಯಿಂದ ಕಿವುಚಿ, 4 ಗ್ರಾಂ ಉಪ್ಪು ಹಾಕಿ. ಓವನ್‌ನಲ್ಲಿ ಹೇಗೂ ಬೇಯುತ್ತದೆ. ತಾಜಾ ಟೊಮೆಟೊ ಆದರೆ ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ಸುಲಿದು, ಬೀಜ ತೆಗೆದು, ಜರಡಿಯಲ್ಲಿ ನೀರು ಬಸಿದು ಬಳಸಿ. ಚೀಸ್ ಕಡಿಮೆ ನೀರಿನಂಶದ ಮೊಝರೆಲ್ಲಾ ಗಟ್ಟಿ ತುಂಡಾಗಿ ಕೊಂಡು ನೀವೇ ತುರಿಯಿರಿ. ತುರಿದು ಮಾರುವ ಚೀಸ್‌ಗೆ ಅಂಟಿಕೊಳ್ಳದಿರಲಿ ಅಂತ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಬೆರೆಸಿರುತ್ತಾರೆ. ಹಾಗಾಗಿ ಅದು ನುಣ್ಣಗೆ ಕರಗುವುದಿಲ್ಲ. ಒಂದು ಪಿಜ್ಜಾಕ್ಕೆ 80 ಗ್ರಾಂ ಸಾಸ್, 90 ಗ್ರಾಂ ಚೀಸ್ ಸಾಕು. ಹಾಕುವಾಗ ಕಡಿಮೆ ಅನಿಸುತ್ತದೆ, ಬೆಂದ ಮೇಲೆ ಸರಿಹೋಗುತ್ತದೆ.

ಬೇಯಿಸುವ ಎರಡು ಗಂಟೆ ಮೊದಲು ಉಂಡೆಯನ್ನು ಹೊರಗಿಡಿ. ತಣ್ಣಗಿನ ಹಿಟ್ಟು ಎಳೆದರೆ ವಾಪಸ್ ಜಗ್ಗುತ್ತದೆ. ಲಟ್ಟಣಿಗೆ ಮುಟ್ಟಬೇಡಿ, ಎರಡು ದಿನ ಕಾದು ಕೂಡಿಸಿದ ಗಾಳಿಯೆಲ್ಲ ಹೊರಟುಹೋಗುತ್ತದೆ. ನಡುವಿನಿಂದ ಬೆರಳ ತುದಿಯಲ್ಲಿ ಒತ್ತುತ್ತ ಹೊರಗೆ ಸಾಗಿ. ಸುತ್ತ ಒಂದೂವರೆ ಸೆಂಟಿಮೀಟರ್ ಅಂಚನ್ನು ಮುಟ್ಟದೆ ಬಿಡಿ. ಎತ್ತಿ ಎರಡೂ ಮುಷ್ಟಿಗಳ ಮೇಲೆ ಹಾಕಿ ತಿರುಗಿಸಿದರೆ ತನ್ನ ಭಾರಕ್ಕೆ ತಾನೇ ಹಿಗ್ಗಿ 28 ಸೆಂಟಿಮೀಟರ್ ಆಗುತ್ತದೆ.

ಓವನ್ ಎಷ್ಟು ಬಿಸಿಯಾಗಬಲ್ಲದೋ ಅಷ್ಟಕ್ಕೆ ಇಡಿ, ಸಾಮಾನ್ಯವಾಗಿ 250 ಡಿಗ್ರಿ. ಪಿಜ್ಜಾ ಕಲ್ಲು ಅಥವಾ 6 ಮಿಲಿಮೀಟರ್ ದಪ್ಪದ ಉಕ್ಕಿನ ಹಲಗೆಯನ್ನು ಒಳಗಿಟ್ಟು ಮುಕ್ಕಾಲು ಗಂಟೆ ಕಾಯಿಸಿ. ಉಕ್ಕು ಕಲ್ಲಿಗಿಂತ ಬೇಗ ಬಿಸಿಯನ್ನು ಹಿಟ್ಟಿಗೆ ದಾಟಿಸುತ್ತದೆ. ಕಡಿಮೆ ಬಿಸಿಯ ಓವನ್‌ಗೆ ಅದೇ ಒಳ್ಳೆಯದು. ಎರಡೂ ಇಲ್ಲದಿದ್ದರೆ ದಪ್ಪ ಟ್ರೇಯನ್ನು ಬೋರಲು ಹಾಕಿ ಕಾಯಿಸಿದರೂ ನಡೆಯುತ್ತದೆ. 7ರಿಂದ 9 ನಿಮಿಷ ಸಾಕು. ತಳಕ್ಕಿಂತ ಮೊದಲೇ ಚೀಸ್ ಕಂದುತ್ತಿದ್ದರೆ ಮುಂದಿನ ಸಲ ಅರ್ಧ ಬೆಂದ ಮೇಲೆ ಚೀಸ್ ಹಾಕಿ.

ಓವನ್ ಇಲ್ಲವೇ? ದಪ್ಪ ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಲಿ. ಹಿಗ್ಗಿಸಿದ ಹಿಟ್ಟನ್ನು ಹಾಕಿ, ತಳದಲ್ಲಿ ಕಂದು ಚುಕ್ಕೆ ಬರುವವರೆಗೆ ಎರಡು ನಿಮಿಷ ಬಿಡಿ. ತಿರುವಿ ಹಾಕಿ, ಉರಿ ಸಣ್ಣ ಮಾಡಿ. ಬೆಂದ ಬದಿಯ ಮೇಲೆ ಸಾಸ್, ಚೀಸ್ ಹಾಕಿ, ಮುಚ್ಚಳ ಮುಚ್ಚಿ ನಾಲ್ಕೈದು ನಿಮಿಷ ಬಿಡಿ. ಹೀಗೆ ಮಾಡುವಾಗ ಹಿಟ್ಟು ಸ್ವಲ್ಪ ತೆಳುವಾಗಿರಲಿ, ಸಾಸ್ ಇನ್ನೂ ಕಡಿಮೆ ಇರಲಿ. ಮುಚ್ಚಳದ ಒಳಗಿನ ನೀರಹನಿ ಪಿಜ್ಜಾದ ಮೇಲೆ ಬೀಳುವ ಮೊದಲು ಒಮ್ಮೆ ತೆಗೆದು ಒರೆಸಿ.

ನಾಲ್ಕು ಉಂಡೆಯನ್ನೂ ಒಂದೇ ದಿನ ಬಳಸಬೇಕಿಲ್ಲ. ಭಾನುವಾರ ಕಲಸಿದರೆ ಮಂಗಳವಾರ ಒಂದೆರಡು, ಬುಧವಾರ ಇನ್ನೊಂದು. ಅದಕ್ಕೂ ಮಿಕ್ಕಿದರೆ ಎಣ್ಣೆ ಸವರಿ, ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರೀಝರ್‌ನಲ್ಲಿಡಿ. ಒಂದು ತಿಂಗಳವರೆಗೆ ಚೆನ್ನಾಗಿರುತ್ತದೆ. ಬೇಕಾದ ಹಿಂದಿನ ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿ, ಮರುದಿನ ಬೇಯಿಸುವ ಎರಡು ಗಂಟೆ ಮೊದಲು ಹೊರಗಿಡಿ. ಚೀಲದ ಮೇಲೆ ತಾರೀಖು ಬರೆಯುವುದನ್ನು ಮರೆಯಬೇಡಿ.